ಪುಣೆಯ ಬಿಸಿಲಿನಲ್ಲಿ ಪ್ಲಗ್-ಇನ್ ಹೈಬ್ರಿಡ್: ಕಳೆದುಹೋದ ಒಂಬತ್ತು ಕಿಲೋಮೀಟರ್ ಹುಡುಕುವುದು ಹೇಗೆ?

ಜನವರಿಯಲ್ಲಿ ಒಂದು ಚಾರ್ಜಿಗೆ 33 ಕಿಲೋಮೀಟರ್ ಓಡುತ್ತಿದ್ದ ಕಾರು ಏಪ್ರಿಲ್ ಬಂದ ಕೂಡಲೇ 24ಕ್ಕೇ ಉಸ್ಸಪ್ಪಾ ಅಂದಿತು. ನಾನಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ. ಹೋಗಲು 18, ಬರಲು 18. ಚಳಿಗಾಲದಲ್ಲಿ ವಾಪಸ್ ಬರುವಾಗ ಹೆಚ್ಚುಕಡಿಮೆ ಮನೆ ಹತ್ತಿರದ ಚಾಂದಣಿ ಚೌಕದವರೆಗೂ ಕರೆಂಟಿನಲ್ಲೇ ಬರುತ್ತಿದ್ದೆ. ಬೇಸಿಗೆಯಲ್ಲಿ ಅರ್ಧ ದಾರಿಗೂ ಮುಂಚೆ, ಬಾಲೇವಾಡಿ ಕ್ರೀಡಾಂಗಣದ ಹತ್ತಿರವೇ ಪೆಟ್ರೋಲ್ ಎಂಜಿನ್ ಗುರ್ ಎಂದು ಎದ್ದು ಕೂರುತ್ತಿತ್ತು.

ಕಾರು ಪ್ಲಗ್-ಇನ್ ಹೈಬ್ರಿಡ್, ಅಂದರೆ ಮೊದಲು ಚಾರ್ಜ್ ಮಾಡಿದ ಬ್ಯಾಟರಿಯಲ್ಲಿ, ಅದು ಮುಗಿದ ಮೇಲೆ ಪೆಟ್ರೋಲಿನಲ್ಲಿ ಓಡುವಂಥದ್ದು. ಅದೂ ಸೆಕೆಂಡ್ ಹ್ಯಾಂಡ್. ಎದೆ ಧಸಕ್ ಎಂದಿತು. ಒಂದು ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿನವರು ಕಾರು ಓಡಿಸಿಯೂ ನೋಡದೆ "ಬ್ಯಾಟರಿ ವೀಕ್ ಆಗಿದೆ ಸರ್" ಎಂದು ಹೊಸದರ ಕೊಟೇಶನ್ ಕೈಗಿಟ್ಟರು. ಆ ದುಡ್ಡಿಗೆ ಸಣ್ಣದೊಂದು ಹೊಸ ಕಾರೇ ಬರುತ್ತಿತ್ತು.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ವಿಜಯಪುರದ ಕಡೆಯ ಕಾಕಾ ಒಬ್ಬರಿದ್ದಾರೆ. ಜೀವನವಿಡೀ ವೈರಿಂಗ್ ಗುತ್ತಿಗೆ ಮಾಡಿದವರು. ಕೊಟೇಶನ್ ನೋಡಿ ನಕ್ಕರು. "ತಮ್ಮಾ, ಬ್ಯಾಟರಿ ಸುದ್ದಿ ಆಮ್ಯಾಲ. ನೀ ಎಸಿ ಎಷ್ಟ್ ಹೊತ್ತ್ ಹಚ್ಚತಿ, ಮೊದ್ಲ ಅದನ್ನ ಲೆಕ್ಕಾ ಹಾಕು."

ಲೆಕ್ಕ ಹಾಕಿದೆ. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಅಲ್ಲಿಂದ ಎರಡು ಬೇಸಿಗೆ ಕಳೆದಿವೆ. ಆ ಎರಡು ಬೇಸಿಗೆಯಲ್ಲಿ ಕಲಿತದ್ದನ್ನು, ಯಾವುದನ್ನು ಮೊದಲು ಮಾಡಬೇಕೋ ಆ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಶುರುವಿಗೆ ಮುಂಚೆ: ನಿಮ್ಮ ಕಾರಿಗೆ ಪ್ಲಗ್ ಇದೆಯಾ?

ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿಯ ಹೈಬ್ರಿಡ್‌ಗಳಿಗೆ ಪ್ಲಗ್ ಇಲ್ಲ. ಅವು ತಮ್ಮ ಪುಟ್ಟ ಬ್ಯಾಟರಿಯನ್ನು ತಾವೇ ತುಂಬಿಕೊಳ್ಳುತ್ತವೆ. ನಾನಿಲ್ಲಿ ಹೇಳುತ್ತಿರುವುದು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ ಚಾರ್ಜ್ ಮಾಡುವ ಕಾರುಗಳ ಬಗ್ಗೆ. ನಮ್ಮಲ್ಲಿ ಇವು ಕಡಿಮೆ, ಇರುವುದೂ ಹೆಚ್ಚಾಗಿ ದುಬಾರಿ ಎಸ್‌ಯುವಿಗಳೇ. ನನ್ನ ಹಾಗೆ ಐದಾರು ವರ್ಷ ಹಳೆಯದನ್ನು ಕೊಂಡವರಿಗೆ ಈ ತಲೆನೋವು ಜಾಸ್ತಿ.

ಹಂತ 1: ಕರೆಂಟ್ ಎಲ್ಲಿ ಹೋಗುತ್ತಿದೆ, ಕಾಗದದ ಮೇಲೆ ಬರೆಯಿರಿ

ಬಿಸಿಲು ಬ್ಯಾಟರಿಯ ಶಕ್ತಿಯನ್ನು ಹೀರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಲಿಥಿಯಂ ಬ್ಯಾಟರಿಗೆ 15ರಿಂದ 35 ಡಿಗ್ರಿ ಹಿತ. ಸ್ವಲ್ಪ ಬಿಸಿಯಾದರೆ ಅದರ ಒಳಗಿನ ತಡೆ ಕಡಿಮೆಯಾಗುತ್ತದೆ, ಕರೆಂಟ್ ಇನ್ನೂ ಸಲೀಸಾಗಿ ಹರಿಯುತ್ತದೆ. ಆ ದಿನದ ಓಟಕ್ಕೆ ಹೊಡೆತ ಕೊಡುವುದು ಬಿಸಿಲಿಗಿಂತ ಹೆಚ್ಚಾಗಿ ಚಳಿ. ಬೇಸಿಗೆಯಲ್ಲಿ ಕಿಲೋಮೀಟರ್ ತಿನ್ನುವುದು ಎಸಿ.

ನನ್ನ ಕಾರಿನ ಲೆಕ್ಕ ಹೀಗಿದೆ. ಬ್ಯಾಟರಿಯಲ್ಲಿ ಬಳಸಲು ಸಿಗುವುದು ಸುಮಾರು 9 ಯೂನಿಟ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಎರಡು ಟನ್ ದಾಟುವ ಗಾಡಿ, ಊರೊಳಗೆ ಕಿಲೋಮೀಟರ್‌ಗೆ 0.27 ಯೂನಿಟ್ ತಿನ್ನುತ್ತದೆ. 9ನ್ನು ಅದರಿಂದ ಭಾಗಿಸಿ, 33 ಬಂತು. ಇದು ಎಸಿ ಇಲ್ಲದ ಜನವರಿ.

ಈಗ ಏಪ್ರಿಲ್. ಕ್ಯಾಬಿನ್ ತಂಪಾದ ಮೇಲೂ ಎಸಿ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತಿರುತ್ತದೆ. ವಾಕಡ್ ಸೇತುವೆಯ ಜಾಮ್ ಸೇರಿ 18 ಕಿಲೋಮೀಟರ್‌ಗೆ ನನಗೆ ಒಂದು ಗಂಟೆ ಹಿಡಿಯುತ್ತದೆ. ಅಂದರೆ ಕಿಲೋಮೀಟರ್‌ಗೆ 0.27 ಇದ್ದ ಖರ್ಚು 0.35 ಆಯಿತು. ಅಲ್ಲಿಗೆ 33 ಇಳಿದು 25 ಚಿಲ್ಲರೆಗೆ ಬಂತು. ಬಿಸಿಲಲ್ಲಿ ಕಾದ ಕಾರನ್ನು ತಂಪು ಮಾಡುವ ಮೊದಲ ಹತ್ತು ನಿಮಿಷ ಎಸಿ ಮೂರ್ನಾಲ್ಕು ಕಿಲೋವ್ಯಾಟ್, ಅಂದರೆ ಗಂಟೆಗೆ ಮೂರ್ನಾಲ್ಕು ಯೂನಿಟ್ ಲೆಕ್ಕದಲ್ಲಿ ಎಳೆಯುತ್ತದೆ. ಅಲ್ಲಿ ಇನ್ನೊಂದು ಅರ್ಧ ಯೂನಿಟ್ ಹೋಯಿತು. ಕೊನೆಗೆ ಉಳಿದದ್ದು 24.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಚಕ್ರ ತಿನ್ನುವುದು ಕಿಲೋಮೀಟರ್ ಲೆಕ್ಕದಲ್ಲಿ. ಎಸಿ ತಿನ್ನುವುದು ಗಂಟೆಯ ಲೆಕ್ಕದಲ್ಲಿ. ಅದೇ 18 ಕಿಲೋಮೀಟರನ್ನು ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ 18 ನಿಮಿಷದಲ್ಲಿ ಮುಗಿಸಿದರೆ ಎಸಿಯ ಪಾಲು ಅರ್ಧ ಯೂನಿಟ್ಟೂ ಆಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಾನು ಅರ್ಧ ಗಂಟೆ ಬೇಗ ಹೊರಡುತ್ತೇನೆ. ಮುಂದೆ ಹೇಳುವ ಎಲ್ಲ ಉಪಾಯಗಳಿಗಿಂತ ಇದೇ ನನಗೆ ಹೆಚ್ಚು ಕಿಲೋಮೀಟರ್ ಕೊಟ್ಟದ್ದು.

ನಿಮ್ಮ ಕಾರಿನ ಅಂಕಿ ಬೇರೆ ಇರುತ್ತದೆ. ಪರದೆಯ ಟ್ರಿಪ್ ವಿವರದಲ್ಲಿ ನೂರು ಕಿಲೋಮೀಟರ್‌ಗೆ ಎಷ್ಟು ಯೂನಿಟ್ ಎಂದು ತೋರಿಸುತ್ತದೆ, ಅಲ್ಲಿಂದ ತೆಗೆದುಕೊಳ್ಳಿ. ಬೆಳಗ್ಗೆ ಕಾರು ಹತ್ತಿದ ಕೂಡಲೇ "ಇಷ್ಟು ಕಿಲೋಮೀಟರ್ ಉಳಿದಿದೆ" ಎಂದು ಬರುತ್ತದಲ್ಲ, ಅದನ್ನು ನೋಡಿ ಕಂಗಾಲಾಗಬೇಡಿ. ಅದು ನಿನ್ನೆ ಮೊನ್ನೆ ನೀವು ಓಡಿಸಿದ್ದನ್ನು ನೋಡಿ ಕಾರು ಮಾಡುವ ಅಂದಾಜು, ಅಷ್ಟೆ.

ಹಂತ 2: ಬ್ಯಾಟರಿ ನಿಜವಾಗಿ ಸೋತಿದೆಯಾ? ಮನೆಯಲ್ಲೇ ನೋಡಿ

ಬ್ಯಾಟರಿ ಖಾಲಿಯಾದ ದಿನ ರಾತ್ರಿ ಚಾರ್ಜಿಗೆ ಹಾಕುವಾಗ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಬೆಳಗ್ಗೆ ತುಂಬಿದ ಮೇಲೆ ಮತ್ತೆ ಬರೆದುಕೊಳ್ಳಿ. ವ್ಯತ್ಯಾಸವೇ ಉತ್ತರ. ಸಾಕೆಟ್‌ಗೆ ಪ್ರತ್ಯೇಕ ಸಬ್‌ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೆ 16 ಆಂಪಿಯರ್ ತಾಳುವ ಮೀಟರ್ ಇರುವ ಪ್ಲಗ್ ಸಿಗುತ್ತದೆ.

ನನಗೆ ಇದು ಸಿಕ್ಕಿದ್ದು ಸೊಸೈಟಿಯವರ ಅನುಮಾನದ ದಯೆಯಿಂದ. ನಾನು ಎಲ್ಲರ ಕರೆಂಟ್ ತಿನ್ನುತ್ತೇನೆ ಎಂದು ಕಮಿಟಿಯಲ್ಲಿ ಗುಸುಗುಸು ಎದ್ದಿತ್ತು. ಕೊನೆಗೆ ಸಬ್‌ಮೀಟರ್ ಹಾಕಿಸಿದರು, ದಿನಾ ರೀಡಿಂಗನ್ನು ವಾಚ್‌ಮನ್ ಬಳಿಯ ರಿಜಿಸ್ಟರ್‌ನಲ್ಲಿ ಬರೆಯಬೇಕು ಎಂದರು. ಆಗ ಉರಿದುಹೋಗಿತ್ತು. ಏಪ್ರಿಲ್‌ನಲ್ಲಿ ಕಾಕಾ ಅದೇ ರಿಜಿಸ್ಟರ್ ತೆಗೆಸಿದರು. ಎಣ್ಣೆ ಬೆರಳಿನ ಗುರುತು, ಚಹಾದ ಕಲೆ, ನಡುವೆ ನನ್ನ ಸಹಿ. ಜನವರಿಯಲ್ಲಿ ಪೂರ್ತಿ ಚಾರ್ಜಿಗೆ 10.4 ಯೂನಿಟ್. ಏಪ್ರಿಲ್‌ನಲ್ಲಿ 10.3. ಬ್ಯಾಟರಿ ಸೋತಿದ್ದರೆ ಅಷ್ಟು ಕರೆಂಟನ್ನು ಅದು ಹಿಡಿಸಿಕೊಳ್ಳುತ್ತಲೇ ಇರಲಿಲ್ಲ, ಅಲ್ವಾ? ಗೋಡೆಯಿಂದ ಹತ್ತು ಹೋದರೂ ಬಳಸಲು ಒಂಬತ್ತೇ ಏಕೆ ಎಂದರೆ, ಚಾರ್ಜ್ ಆಗುವಾಗ ಒಂದಷ್ಟು ಕಾವಾಗಿ ಹೋಗುತ್ತದೆ. ಅದು ಸಹಜ.

ಪರೀಕ್ಷೆ ಮಾಡುವ ರಾತ್ರಿ ಪ್ಲಗ್ಗಿನಲ್ಲಿದ್ದಾಗ ಎಸಿ ಹಾಕಬೇಡಿ, ಲೆಕ್ಕ ಕೆಡುತ್ತದೆ. ಜೊತೆಗೆ ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಎಸಿ ಬಂದ್ ಮಾಡಿ ಓಡಿಸಿ ನೋಡಿ. ಪುಣೆಯಲ್ಲಿ ಏಪ್ರಿಲ್‌ನಲ್ಲೂ ಬೆಳಗಿನ ಜಾವ ತಂಪಿರುತ್ತದೆ. ನನಗೆ ಆ ದಿನ 32 ಸಿಕ್ಕಿತು. ಕೊಟೇಶನ್ ಹರಿದು ಹಾಕಿದೆ.

ನಿಮ್ಮ ಯೂನಿಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಬೆಳಗಿನ ಓಟವೂ ಇಳಿದಿದ್ದರೆ ಆಗ ಬ್ಯಾಟರಿಯ ಮಾತು. ಬರೆದಿಟ್ಟ ರೀಡಿಂಗ್ ಹಿಡಿದೇ ಸರ್ವಿಸ್‌ಗೆ ಹೋಗಿ. ದೊಡ್ಡ ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇರುವುದು ಸಾಮಾನ್ಯ, ನಿಮ್ಮ ಪುಸ್ತಕದಲ್ಲಿ ಏನಿದೆ ನೋಡಿಕೊಳ್ಳಿ.

ಹಂತ 3: ಪ್ಲಗ್ ಮುಟ್ಟಿ ನೋಡಿ

ಇದು ಕಿಲೋಮೀಟರ್ ಉಳಿಸುವ ಹಂತವಲ್ಲ, ಮನೆ ಉಳಿಸುವ ಹಂತ. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ. ಕೈ ಹಿಂದೆ ಎಳೆದುಕೊಳ್ಳುವಷ್ಟು ಸುಡುತ್ತಿದ್ದರೆ ಆಗಲೇ ನಿಲ್ಲಿಸಿ.

ಗೀಸರ್ ದಿನಕ್ಕೆ ಹದಿನೈದು ನಿಮಿಷ ಉರಿಯುತ್ತದೆ. ಕಾರು ನಾಲ್ಕೈದು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ ಒಳಗಿನ ಹಿತ್ತಾಳೆಯ ಹಿಡಿ ಸ್ವಲ್ಪ ಸಡಿಲವಾದರೂ ಅಲ್ಲಿ ಕಾವು ಕೂರುತ್ತದೆ. ತಗಡಿನ ಶೆಡ್ಡಿನ ಕೆಳಗೆ ಬೇಸಿಗೆಯ ಮಧ್ಯಾಹ್ನವಾದರೆ ಕೇಳುವುದೇ ಬೇಡ. ನನ್ನ ಹಳೇ ಸಾಕೆಟ್ಟಿನ ಒಂದು ತೂತು ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಬೇಕಲೈಟಿನ ವಾಸನೆ ಬಂದಾಗಲೇ ನನಗೆ ಗೊತ್ತಾಗಿದ್ದು. ಕಾಕಾ ನಿಂತು ಮಾಡಿಸಿದ ವ್ಯವಸ್ಥೆ: ಮೀಟರ್‌ನಿಂದ ನೇರವಾಗಿ ಬೇರೆಯೇ ಲೈನು, 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಒಳ್ಳೆಯ ಅರ್ಥಿಂಗ್, ಕೈಗಾರಿಕೆಯವರು ಬಳಸುವ ಗಟ್ಟಿ ಸಾಕೆಟ್. ನಿಮ್ಮಲ್ಲಿ ಮೀಟರ್‌ನಿಂದ ಪಾರ್ಕಿಂಗ್ ದೂರವಿದ್ದರೆ ವೈರು ಇನ್ನೂ ದಪ್ಪ ಬೇಕಾದೀತು, ಇಲೆಕ್ಟ್ರಿಷಿಯನ್ ಹೇಳುತ್ತಾರೆ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ.

ಹಂತ 4: ಚಾರ್ಜಿನ ಹೊತ್ತು ಬದಲಿಸಿ

ಸಂಜೆ ಬಂದವನೇ ಪ್ಲಗ್ ಹಾಕುವುದು ಎಲ್ಲರ ಅಭ್ಯಾಸ. ಬೇಸಿಗೆಯಲ್ಲಿ ಬಿಟ್ಟುಬಿಡಿ. ಬ್ಯಾಟರಿ ನೂರು ಕಿಲೋ ಆಸುಪಾಸಿನ ಗಟ್ಟಿ ಗಡ್ಡೆ. ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಇಡೀ ದಿನ ಕಾದ ಡಾಂಬರಿನ ಮೇಲೆ ನಿಂತು, ಜಾಮ್‌ನಲ್ಲಿ ತೆವಳಿ ಬಂದದ್ದಕ್ಕೆ ಕೂಡಲೇ ಚಾರ್ಜ್ ಹಾಕಿದರೆ ಕಾವಿನ ಮೇಲೆ ಕಾವು. ಕೆಲವು ಕಾರುಗಳು ತಾವೇ ಚಾರ್ಜಿಂಗ್ ನಿಧಾನ ಮಾಡುತ್ತವೆ, ಇಲ್ಲವೇ ತಂಪು ಮಾಡುವ ಫ್ಯಾನ್ ಓಡಿಸಿ ನಿಮ್ಮ ಯೂನಿಟ್ ಖರ್ಚು ಮಾಡುತ್ತವೆ.

ನಾನು ಟೈಮರ್ ಅನ್ನು ರಾತ್ರಿ ಎರಡಕ್ಕೆ ಇಟ್ಟಿದ್ದೇನೆ. ಗಂಟೆಗೆ ಎರಡು ಯೂನಿಟ್ ಚಿಲ್ಲರೆ ಹೋಗುತ್ತದೆ. ಆರೂವರೆ ಏಳಕ್ಕೆ ತುಂಬುತ್ತದೆ, ಏಳೂವರೆಗೆ ಹೊರಡುತ್ತೇನೆ. ತುಂಬಿದ ಬ್ಯಾಟರಿ ಹೆಚ್ಚು ಹೊತ್ತು ಸುಮ್ನೆ ಕೂರುವುದಿಲ್ಲ.

ಕೊನೆಯ ಮಾತೇ ಇಲ್ಲಿ ಮುಖ್ಯ. ಬಿಸಿಲು ಇವತ್ತಿನ ಓಟ ಕದಿಯದಿದ್ದರೂ ಬ್ಯಾಟರಿಯ ಆಯಸ್ಸು ಕದಿಯುತ್ತದೆ. ಹತ್ತು ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಸವೆತ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದು ಈ ವಿದ್ಯೆಯವರ ಒರಟು ಲೆಕ್ಕ. ಕಾವು ಮತ್ತು ತುಂಬಿದ ಚಾರ್ಜ್, ಈ ಎರಡೂ ಒಟ್ಟಿಗೆ ಸೇರುವುದು ಕೆಟ್ಟದ್ದು. ಹಾಗಂತ ಮೂರು ಹೊತ್ತೂ ಶೇ 80ಕ್ಕೆ ನಿಲ್ಲಿಸುತ್ತಾ ಕೂರಬೇಡಿ. ಪ್ಲಗ್-ಇನ್ ಕಾರುಗಳಲ್ಲಿ ಪರದೆ ಶೇ 100 ಎಂದರೂ ಕಂಪನಿಯವರು ಮೇಲೆ ಕೆಳಗೆ ಒಂದಷ್ಟು ಜಾಗ ಬಿಟ್ಟೇ ಇರುತ್ತಾರೆ. ಇರುವ ಪುಟ್ಟ ಬ್ಯಾಟರಿಯಲ್ಲಿ ಐದನೇ ಒಂದು ಪಾಲು ಬಿಟ್ಟುಕೊಟ್ಟರೆ ಕಾರು ಯಾಕೆ ತಗೊಂಡ್ರಿ? ತುಂಬಿಸಿ. ಆದರೆ ತುಂಬಿಸಿ ಬಿಸಿಲಲ್ಲಿ ಒಣಹಾಕಬೇಡಿ.

ಹಂತ 5: ನಿಲ್ಲಿಸುವುದು ಮತ್ತು ಹೊರಡುವುದು

ಹೊರಗೆ 38 ಡಿಗ್ರಿ ಇದ್ದರೆ ಗಾಜು ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 55 ದಾಟುವುದು ದೊಡ್ಡ ಮಾತಲ್ಲ. ನೆಲಮಾಳಿಗೆಯ ಪಾರ್ಕಿಂಗ್ ಸಿಕ್ಕರೆ ಲಿಫ್ಟಿನಿಂದ ದೂರವಾದರೂ ಅಲ್ಲೇ ನಿಲ್ಲಿಸಿ. ಸಿಗದಿದ್ದರೆ ಮಧ್ಯಾಹ್ನ ಮೂರರ ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿ ನಿಲ್ಲಿಸಿ. ಬೆಳಗ್ಗೆ ಒಂಬತ್ತಕ್ಕೆ ನೆರಳಿದ್ದ ಜಾಗ ಮೂರಕ್ಕೆ ಕಾದ ಬಾಣಲೆ. ಮುಂದಿನ ಗಾಜಿಗೆ ಹೊಳೆಯುವ ಪರದೆ ಹಾಕಿ, ಕೆಲವೇ ನೂರು ರೂಪಾಯಿ.

ಹೊರಡುವಾಗ ನಾಲ್ಕೂ ಬಾಗಿಲು ತೆರೆದು ಒಂದು ನಿಮಿಷ ಬಿಡಿ. ಆಮೇಲೆ ಗಾಜು ಇಳಿಸಿಕೊಂಡೇ ಇನ್ನೂರು ಮುನ್ನೂರು ಮೀಟರ್ ಹೋಗಿ. ಒಳಗಿನ 55 ಡಿಗ್ರಿ ಗಾಳಿಯನ್ನು ಎಸಿಯಿಂದ ತಂಪು ಮಾಡುವ ಬದಲು ಹೊರಗೆ ತಳ್ಳಿದರೆ ಪುಕ್ಕಟೆ.

ಬೆಳಗ್ಗೆ ಮನೆಯಲ್ಲಿ, ಪ್ಲಗ್ ತೆಗೆಯುವ ಮುಂಚೆ ಆಪ್‌ನಿಂದಲೋ ಟೈಮರ್‌ನಿಂದಲೋ ಹತ್ತು ನಿಮಿಷ ಎಸಿ ಹಾಕಿ. ಖರ್ಚು ಹೆಚ್ಚಾಗಿ ಗೋಡೆಯ ಕರೆಂಟಿಂದ ಹೋಗುತ್ತದೆ. ಇದನ್ನು ದೊಡ್ಡ ಮಂತ್ರದಂತೆ ಹೇಳುವವರಿದ್ದಾರೆ. ನನಗೆ ಇದರಿಂದ ಸಿಕ್ಕಿದ್ದು ಒಂದೂವರೆ ಕಿಲೋಮೀಟರ್, ಹೆಚ್ಚೆಂದರೆ ಎರಡು. ಹತ್ತುವಾಗ ತಂಪಿರುತ್ತದೆ ಎನ್ನುವುದೇ ಅದರ ಲಾಭ.

ಹಂತ 6: ಎಸಿ

24 ಅಥವಾ 25, ಆಟೋ, ಒಳಗಿನ ಗಾಳಿಯೇ ಸುತ್ತುವಂತೆ. ಒಬ್ಬರೇ ಇದ್ದರೆ ಹಿಂದಿನ ಎಸಿ ಬಂದ್. ಸೀಟಿನಲ್ಲಿ ಗಾಳಿ ಬರುವ ವ್ಯವಸ್ಥೆ ಇದ್ದರೆ ಅದನ್ನೇ ಹೆಚ್ಚು ಬಳಸಿ, ಅದಕ್ಕೆ ತೀರಾ ಕಡಿಮೆ ಕರೆಂಟ್ ಸಾಕು. ಎಸಿ ಬಂದ್ ಮಾಡಿ ಬೆವರು ಸುರಿಸುತ್ತಾ ಓಡಿಸುವುದು ಜಿಪುಣತನ. ನಾನು ಒಮ್ಮೆ ಮಾಡಿ ಮನೆಯಾಕೆಯಿಂದ ಬೈಸಿಕೊಂಡಿದ್ದೇನೆ.

ಮುಂಬೈಯವರಿಗೆ ಬೇರೆ ಲೆಕ್ಕ. ಅಲ್ಲಿ ಥರ್ಮಾಮೀಟರ್ 33 ತೋರಿಸಿದರೂ ಎಸಿಗೆ ಬಿಡುವಿಲ್ಲ. ಪುಣೆಯದು ಒಣ ಬಿಸಿಲು, ಮುಂಬೈಯದು ಸೆಕೆ. ಗಾಳಿಯಲ್ಲಿನ ತೇವವನ್ನು ನೀರಾಗಿಸಿ ಇಳಿಸುವುದಕ್ಕೂ ಎಸಿಯೇ ದುಡಿಯಬೇಕು. ರಾತ್ರಿಯೂ ಪುಣೆಯಷ್ಟು ತಂಪಾಗುವುದಿಲ್ಲ.

ಹಂತ 7: ಬ್ಯಾಟರಿಯ ಮೂಗು ಮುಚ್ಚಬೇಡಿ

ಕೆಲವು ಕಾರುಗಳ ಬ್ಯಾಟರಿಗೆ ಕ್ಯಾಬಿನ್ನಿನ ತಂಪು ಗಾಳಿಯೇ ಆಧಾರ. ಹಿಂದಿನ ಸೀಟಿನ ಬದಿಯಲ್ಲೋ ಕೆಳಗೋ ಜಾಲರಿ ಇರುತ್ತದೆ. ಅದರ ಮುಂದೆ ಚೀಲ, ಕುಶನ್, ಮಕ್ಕಳ ಜಾಕೆಟ್ ತುರುಕಬೇಡಿ. ಫಿಲ್ಟರ್ ಇದ್ದರೆ ಬೇಸಿಗೆಗೆ ಮುಂಚೆ ಸ್ವಚ್ಛ ಮಾಡಿಸಿ. ಕೂಲಂಟ್ ಎಂಬ ದ್ರವದಿಂದ ತಂಪಾಗುವ ಬ್ಯಾಟರಿಯಾದರೆ ಮಟ್ಟ ನೋಡಿಸಿ. ಆ ಕೂಲಂಟ್ ಬೇರೆಯೇ ಇರಬಹುದು, ಕೈಗೆ ಸಿಕ್ಕಿದ್ದು ಸುರಿಯಬೇಡಿ.

ಕಾರಿನ ಮುಂಭಾಗದಲ್ಲಿರುವ ಎಸಿ ಕಂಡೆನ್ಸರ್‌ನಲ್ಲಿ (ಎಸಿಯ ಕಾವನ್ನು ಹೊರಗೆ ಬಿಡುವ ಭಾಗ) ಮೆಟ್ರೋ ಕಾಮಗಾರಿಯ ಧೂಳು ಕಟ್ಟಿಕೊಂಡಿರುತ್ತದೆ. ಮೆಲ್ಲಗೆ ನೀರು ಬಿಟ್ಟು ತೊಳೆಸಿ, ಜೋರು ಪ್ರೆಶರ್ ಬೇಡ, ರೆಕ್ಕೆಗಳು ಮಡಚುತ್ತವೆ.

ಕಾರು ನಿಲ್ಲಿಸಿ ಬೀಗ ಹಾಕಿದ ಮೇಲೂ ಫ್ಯಾನ್ ಭರ್ ಎನ್ನುತ್ತಿದ್ದರೆ ಗಾಬರಿ ಬೇಡ, ತನ್ನ ಕಾವು ತಾನೇ ಇಳಿಸಿಕೊಳ್ಳುತ್ತಿದೆ. ಕರೆಂಟಿನಲ್ಲಿ ಹೋಗುತ್ತಿದ್ದಾಗ ಚಾರ್ಜ್ ಇದ್ದರೂ ಎಂಜಿನ್ ಎದ್ದರೆ ಅದಕ್ಕೂ ಕಾರಣವಿದೆ. ಬ್ಯಾಟರಿ ತೀರಾ ಕಾದಾಗ ಕಂಪ್ಯೂಟರ್ ಅದರಿಂದ ಎಳೆಯುವ ಶಕ್ತಿಯನ್ನು ಕಡಿಮೆ ಮಾಡಿ, ಉಳಿದದ್ದನ್ನು ಎಂಜಿನ್ನಿಗೆ ವಹಿಸುತ್ತದೆ. ಆಕ್ಸಿಲರೇಟರ್ ಮೇಲಿನ ಹೆಜ್ಜೆ ಹಗುರ ಮಾಡಿ, ಅಷ್ಟೆ. ಎಚ್ಚರಿಕೆಯ ದೀಪ ಬಂದರೆ ಮಾತ್ರ ನಿಲ್ಲಿಸಿ.

ಟೈರ್ ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗಲೇ ನೋಡಿ. ಮಧ್ಯಾಹ್ನ ಓಡಿ ಬಂದ ಟೈರ್‌ನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ. ಪಂಪಿನ ಹುಡುಗ ಅದನ್ನು ಇಳಿಸಿದರೆ ಮರುದಿನ ಗಾಳಿ ಕಡಿಮೆ, ಕಿಲೋಮೀಟರೂ ಕಡಿಮೆ.

ಹಂತ 8: ಮುಂಬೈಗೆ ಹೋಗುವ ದಿನ

ಎಕ್ಸ್‌ಪ್ರೆಸ್‌ವೇಯಲ್ಲಿ ಕರೆಂಟ್ ಸುಡುವುದು ದಂಡ. ಎಂಜಿನ್ ಚೆನ್ನಾಗಿ ಕೆಲಸ ಮಾಡುವುದೇ ಅಲ್ಲಿ. ನಾನು ಕೋಥ್ರೂಡ್‌ನಿಂದ ಎಕ್ಸ್‌ಪ್ರೆಸ್‌ವೇ ಶುರುವಾಗುವ ಕಿವಳೆಯ ಕಡೆಗೆ ಕರೆಂಟಿನಲ್ಲಿ ಹೊರಡುತ್ತೇನೆ. ದಾರಿಯಲ್ಲಿ ಬ್ಯಾಟರಿ ಅರ್ಧದ ಆಸುಪಾಸಿಗೆ ಬರುತ್ತದೆ. ಅಲ್ಲಿ ಹೋಲ್ಡ್ ಒತ್ತುತ್ತೇನೆ, ಆಗ ಇರುವ ಚಾರ್ಜ್ ಉಳಿಸಿ ಕಾರು ಎಂಜಿನ್ನಿನಲ್ಲಿ ಓಡುತ್ತದೆ. ಖಂಡಾಳಾ ಘಾಟ್ ಇಳಿಯುವಾಗ ಬಿ ಮೋಡ್, ಅದರಲ್ಲಿ ಮೋಟರೇ ಕಾರನ್ನು ತಡೆದು ಆ ಶಕ್ತಿಯನ್ನು ಕರೆಂಟಾಗಿ ಬ್ಯಾಟರಿಗೆ ತುಂಬುತ್ತದೆ. ವಾಶಿ ದಾಟಿ ಚೆಂಬೂರು, ಸಾಯನ್ ಜಾಮ್‌ಗೆ ಸಿಕ್ಕಿದಾಗ ಮತ್ತೆ ಕರೆಂಟ್.

ಅರ್ಧ ಯಾಕೆ ಖಾಲಿ ಮಾಡಿಕೊಳ್ಳಬೇಕು? ಲೋಣಾವಳದಿಂದ ಖೋಪೋಲಿಗೆ ಹೆಚ್ಚುಕಡಿಮೆ 550 ಮೀಟರ್ ಇಳಿಜಾರು. ತುಂಬಿದ ಬ್ಯಾಟರಿಯಲ್ಲಿ ಇಳಿದರೆ ಸಿಗುವ ಕರೆಂಟಿಗೆ ಜಾಗವೇ ಇಲ್ಲ, ಬ್ರೇಕ್ ಬಿಸಿಯಾಗುತ್ತದೆ. ಜಾಗವಿದ್ದರೆ ಒಂದೂವರೆ ಎರಡು ಯೂನಿಟ್ ತುಂಬಿಕೊಳ್ಳಬಹುದು. ವಾಪಸ್ ಬರುವಾಗ ಅದೇ ಎತ್ತರಕ್ಕೆ ಎರಡು ಟನ್ ದಾಟಿದ ಗಾಡಿಯನ್ನು ಎತ್ತಲಿಕ್ಕೇ ಸುಮಾರು ಮೂರೂವರೆ ಯೂನಿಟ್ ಬೇಕು. ಅದನ್ನು ಮೇ ತಿಂಗಳ ಮಧ್ಯಾಹ್ನ ಬ್ಯಾಟರಿಯ ಮೇಲೆ ಹೇರಬೇಡಿ. ಹತ್ತುವಾಗ ಎಂಜಿನ್ನೂ ಬ್ಯಾಟರಿಯೂ ಹಂಚಿಕೊಂಡು ದುಡಿಯುವ ಹೈಬ್ರಿಡ್ ಮೋಡ್‌ನಲ್ಲಿ ಬಿಡಿ. ಎಂಜಿನ್ನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಮೋಡ್ ಅಂತೂ ಘಾಟಿನಲ್ಲಿ ಮುಟ್ಟಲೇಬೇಡಿ.

ಹಂತ 9: ರಜೆಗೆ ಊರಿಗೆ ಹೋಗುವಾಗ

ಮೇ ರಜೆಯಲ್ಲಿ ನಾವು ಮೂರು ವಾರ ಧಾರವಾಡಕ್ಕೆ ರೈಲಿನಲ್ಲಿ ಹೋಗುತ್ತೇವೆ. ಕಾರು ಇಲ್ಲೇ. ದೊಡ್ಡ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, ನೆರಳಲ್ಲಿ, ಪ್ಲಗ್ ತೆಗೆದು ಬಿಡಿ. ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದರಂತೆ ಮಾಡಿ. ಇದನ್ನೆಲ್ಲ ಮೊದಲ ಬೇಸಿಗೆಯಲ್ಲೇ ಸರಿಯಾಗಿ ಮಾಡಿದ್ದೆ.

ಮರೆತದ್ದು ಇನ್ನೊಂದು ಬ್ಯಾಟರಿ. 12 ವೋಲ್ಟಿನ, ಹೆಚ್ಚುಕಡಿಮೆ ಎಲ್ಲ ಕಾರಲ್ಲೂ ಇರುವ, ಸೀಸ ಮತ್ತು ಆಸಿಡ್‌ನ ಡಬ್ಬಿ. ಬಿಸಿಲಿಗೆ ಮೊದಲು ಬಲಿಯಾಗುವುದು ಅದೇ. ಒಳಗಿನ ನೀರು ಆವಿಯಾಗುತ್ತದೆ, ಫಲಕ ಸವೆಯುತ್ತದೆ. ಊರಿಂದ ಬಂದು ನೋಡಿದರೆ ಕೀ ಒತ್ತಿದರೂ ಕಾರು ಮಿಸುಕಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಐದು ಯೂನಿಟ್ ಇದೆ, ಆದರೆ ಅದರ ಸ್ವಿಚ್ ಎಳೆಯಲು ಬೇಕಾದ ಪುಟ್ಟ ಕರೆಂಟ್ ಇಲ್ಲ. ಚಾರ್ಜಿಂಗ್ ಮುಚ್ಚಳವೂ ತೆರೆಯಲಿಲ್ಲ.

ಕೊನೆಗೆ ಬಾಗಿಲಿನ ಕೀ ತೂತು ಹುಡುಕಿ, ಬಾನೆಟ್ ತೆಗೆದು, ಪುಸ್ತಕ ನೋಡಿ ಯಾವ ಮೊಳೆಗೆ ಯಾವ ವೈರು ಎಂದು ಪಕ್ಕಾ ಮಾಡಿಕೊಂಡು, ಕಾಕಾ ತಮ್ಮ ಹಳೇ ವ್ಯಾಗನ್ ಆರ್‌ನಿಂದ ಜಂಪ್ ಕೊಟ್ಟರು. ಎರಡು ನಿಮಿಷಕ್ಕೆ ನನ್ನ ಕಾರು ಕಣ್ಣು ಬಿಟ್ಟಿತು. ನಮ್ಮ ಕಾರಿನಿಂದ ಬೇರೆಯವರಿಗೆ ಜಂಪ್ ಕೊಡಬೇಡಿ ಎಂದು ಅದೇ ಪುಸ್ತಕದಲ್ಲಿ ಬರೆದಿತ್ತು. ಓದಿ ಹೇಳಿದೆ. "ಹಂಗಾರ ಇನ್ನ ಮ್ಯಾಲ ರಜಾಕ್ಕ ಹೋಗುದಕಿಂತ ಮೊದ್ಲ ಅದನ್ನ ಟೆಸ್ಟ್ ಮಾಡ್ಸು" ಎಂದರು ಕಾಕಾ, ವೈರು ಸುತ್ತುತ್ತಾ. ಬ್ಯಾಟರಿ ಅಂಗಡಿಯವರು ಐದು ನಿಮಿಷದಲ್ಲಿ ಲೋಡ್ ಟೆಸ್ಟ್ ಮಾಡಿ ಹೇಳುತ್ತಾರೆ. ಮೂರು ವರ್ಷ ದಾಟಿದ್ದರೆ ಮಾರ್ಚ್‌ನಲ್ಲೇ ಮಾಡಿಸಿಬಿಡಿ.